ತಲಾ ಎರಡು ರೂಪಾಯಿ ಹಾಕಿ ಸಿನಿಮಾ ಮಾಡಿಸಿದ ರೈತರು

ಹೋದ ತಿಂಗಳು ತಾಲ್ಲೂಕಿನ ಟಾಕೀಸಿನಲ್ಲಿ ಒಂದು ದೊಡ್ಡ ಸ್ಟಾರ್ ಸಿನಿಮಾ ನೋಡಿದೆ. ಹಳ್ಳಿಗೆ ಕಷ್ಟ ಬರುತ್ತದೆ, ಹೀರೋ ಬರುತ್ತಾನೆ. ಇಂಟರ್‌ವಲ್‌ಗೆ ಮುಂಚೆ ಒಂದು ಫೈಟು, ಆಮೇಲೆ ಇನ್ನೊಂದು. ಊರಿನ ಜನ ಸುಮ್ಮನೆ ನಿಂತು ನೋಡಿ ಕೊನೆಗೆ ಕೈ ಮುಗಿಯುತ್ತಾರೆ. ಪಕ್ಕದಲ್ಲಿ ಕೂತಿದ್ದ ಅಜ್ಜ ಅರ್ಧ ಗಂಟೆಗೇ ಕ್ಲೈಮ್ಯಾಕ್ಸ್ ಹೇಳಿಬಿಟ್ಟರು. ಒಂದೂ ತಪ್ಪಾಗಲಿಲ್ಲ.

ಈ ಸಿನಿಮಾಗಳಲ್ಲಿ ಹಳ್ಳಿಯವರು ಬರೀ ನಿಂತು ನೋಡುವುದು ಯಾಕೆ? ದುಡ್ಡು ಯಾರದು ಎಂದು ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಕೋಟಿ ಹಾಕಿದವರಿಗೆ ಗೆದ್ದ ದಾರಿ ಬಿಡಲು ಭಯ. ಹಾಗಾದರೆ ಹಳ್ಳಿಯವರೇ ದುಡ್ಡು ಹಾಕಿದರೆ? ಗುಜರಾತಿನಲ್ಲಿ ಅದೂ ಆಗಿದೆ.

1976ರಲ್ಲಿ ಶ್ಯಾಮ್ ಬೆನಗಲ್ 'ಮಂಥನ್' ಎಂಬ ಹಿಂದಿ ಸಿನಿಮಾ ಮಾಡಿದರು. ಅದರ ನಿರ್ಮಾಪಕರು ಗುಜರಾತಿನ ಸಹಕಾರ ಸಂಘಗಳಿಗೆ ಹಾಲು ಹಾಕುತ್ತಿದ್ದ 5 ಲಕ್ಷ ರೈತರು. ತಲಾ 2 ರೂಪಾಯಿಯಂತೆ ಒಟ್ಟು 10 ಲಕ್ಷ. ಸಿನಿಮಾ ಬಿಡುಗಡೆಯಾದಾಗ ಆ ರೈತರು ಲಾರಿ ಹತ್ತಿ ನೋಡಲು ಬಂದರು. ಅದು ಅವರದೇ ಸಿನಿಮಾ ತಾನೇ!

ಕಥೆ ನೋಡಿ. ಹಾಲಿನ ಸಂಘ ಕಟ್ಟಲು ಪಟ್ಟಣದಿಂದ ಪಶುವೈದ್ಯರೊಬ್ಬರು ಬರುತ್ತಾರೆ. ಆ ಪಾತ್ರ ಮಾಡಿದ್ದು ನಮ್ಮ ಗಿರೀಶ್ ಕಾರ್ನಾಡ್. ಖಾಸಗಿ ಡೈರಿಯವನೂ ಊರಿನ ಸರಪಂಚನೂ ಅಡ್ಡ ಬರುತ್ತಾರೆ, ಜಾತಿ ಜಗಳ ಏಳುತ್ತದೆ. ಕೊನೆಗೆ ಡಾಕ್ಟರು ವರ್ಗವಾಗಿ ಊರು ಬಿಟ್ಟು ಹೋಗುತ್ತಾರೆ. ಸಂಘವನ್ನು ಮುಂದೆ ನಡೆಸುವವನು ಕೇರಿಯ ಹುಡುಗ ಭೋಲಾ. ಹೀರೋ ಹೊರಟುಹೋದ ಮೇಲೂ ಊರಿನ ಕೆಲಸ ನಿಲ್ಲುವುದಿಲ್ಲ.

ಹತ್ತು ವರ್ಷದ ನಂತರ ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರು ಒಡೆಸ್ಸಾ ಎಂಬ ಕೂಟ ಕಟ್ಟಿಕೊಂಡು ಊರೂರು ತಿರುಗಿದರು. ಚಾಪ್ಲಿನ್ನನ 'ದಿ ಕಿಡ್' ತೋರಿಸಿ ಜನರಿಂದ ಚಂದಾ ಎತ್ತಿದರು. ಹಾಗೆ ಬಂದದ್ದು 1986ರ 'ಅಮ್ಮ ಅರಿಯಾನ್'. ಟಾಕೀಸಿನವರು ಕರೆಯಲಿ ಎಂದು ಕಾಯದೆ, ಪ್ರೊಜೆಕ್ಟರ್ ಹೊತ್ತುಕೊಂಡು ಹೋಗಿ ಊರುಗಳಲ್ಲೇ ಅದನ್ನು ತೋರಿಸಿದರು.

ನಮ್ಮಲ್ಲೂ ಇಂಥ ಸಾಹಸಗಳಿವೆ. 1970ರ 'ಸಂಸ್ಕಾರ'ವನ್ನು ಸೆನ್ಸಾರ್ ಮಂಡಳಿ ಮೊದಲು ತಡೆದಿತ್ತು. ಆಮೇಲೆ ಅದೇ ಸಿನಿಮಾ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು. 2013ರಲ್ಲಿ ಬಂದ 'ಲೂಸಿಯಾ'ಗೆ ಪವನ್ ಕುಮಾರ್ ಇಂಟರ್‌ನೆಟ್‌ನಲ್ಲಿ ಜನರನ್ನೇ ದುಡ್ಡು ಕೇಳಿದರು. ನೂರಕ್ಕೂ ಹೆಚ್ಚು ಜನ ಸೇರಿ ಸುಮಾರು 50 ಲಕ್ಷ ಕೊಟ್ಟರು. 'ತಿಥಿ'ಯಲ್ಲಿ ನಟಿಸಿದವರು ಮಂಡ್ಯದ ಹಳ್ಳಿಗರೇ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಪ್ರಶಸ್ತಿ ಗೆದ್ದು, ಮರುವರ್ಷ ಅದು ನಮ್ಮ ಟಾಕೀಸುಗಳಿಗೆ ಬಂತು.

ಈಗ ಕ್ಯಾಮೆರಾ ಅಗ್ಗವಾಗಿದೆ. ಒಳ್ಳೆ ಮೊಬೈಲ್ ಇದ್ದರೂ ಚಿತ್ರ ತೆಗೆಯಬಹುದು. ಕಷ್ಟ ಇರುವುದು ತೋರಿಸುವುದರಲ್ಲಿ. ಸಣ್ಣ ಸಿನಿಮಾಕ್ಕೆ ನಗರದ ಮಲ್ಟಿಪ್ಲೆಕ್ಸಿನಲ್ಲಿ ಒಂದು ಶೋ ಸಿಕ್ಕರೆ ಹೆಚ್ಚು. ಎಷ್ಟೋ ಊರಿನ ಟಾಕೀಸು ಕಲ್ಯಾಣ ಮಂಟಪ ಆಗಿಹೋಗಿದೆ. ಹಾಗಾಗಿ ಹಳ್ಳಿಯ ಕಥೆ ವಿದೇಶದವರಿಗೆ ಸಿಗುತ್ತದೆ, ಹಳ್ಳಿಗೆ ಮಾತ್ರ ಸಿಗುವುದಿಲ್ಲ.

ಇದಕ್ಕೆ ಸರ್ಕಾರವನ್ನೇ ಕಾಯಬೇಕಿಲ್ಲ. ನಮ್ಮ ಊರುಗಳ ಹಾಲಿನ ಡೈರಿ ಕಟ್ಟಿದ್ದೂ ಗುಜರಾತಿನ ಆ ಮಾದರಿಯಲ್ಲೇ. ದಿನಾ ಬೆಳಿಗ್ಗೆ ಅಲ್ಲಿ ನೂರಾರು ಜನ ಸೇರುತ್ತೇವೆ. ತಲಾ 20 ರೂಪಾಯಿ ಕೂಡಿಸಿ, ನಿರ್ದೇಶಕರ ಒಪ್ಪಿಗೆ ಕೇಳಿ, ಬಾಡಿಗೆ ಪ್ರೊಜೆಕ್ಟರ್ ತಂದು ಸಮುದಾಯ ಭವನದಲ್ಲಿ ಒಂದು ಸಿನಿಮಾ ಹಾಕಬಹುದು. ನೋಡುವವರು ಇದ್ದಾರೆ ಎಂದು ಗೊತ್ತಾದರೆ ಮಾಡುವವರಿಗೂ ಧೈರ್ಯ ಬರುತ್ತದೆ.

ನಮ್ಮೂರಲ್ಲಿ ನಾನೇ ಚಂದಾ ಪುಸ್ತಕ ಹಿಡಿಯುತ್ತೇನೆ. ಮೊದಲ ಶೋಗೆ ಆ ಅಜ್ಜನನ್ನೇ ಕರೆಯಬೇಕು. ಈ ಸಲ ಕ್ಲೈಮ್ಯಾಕ್ಸ್ ಹೇಳಲಿ ನೋಡೋಣ.