ಕಾಣದ ಮಗುವಿಗೆ ಗ್ರಾಫ್, ಕೇಳದ ಮಗುವಿಗೆ ಭೌತಶಾಸ್ತ್ರ: ಸೇಲಂ, ಧರ್ಮಪುರಿ ಹೈಸ್ಕೂಲುಗಳ ಸ್ಟೆಮ್ ಪಾಠ

ತಮಿಳು ಮಾಧ್ಯಮದ ವಿಜ್ಞಾನ ಪುಸ್ತಕದಲ್ಲಿ 'ಕಾರಂ' ಎಂಬ ಪದ ಬರುತ್ತದೆ. ಪೆನ್ನಾಗರಂ ಕಡೆಯ ಹಳ್ಳಿಯಿಂದ, ಮನೆಯಲ್ಲಿ ಕನ್ನಡ ಮಾತಾಡಿಕೊಂಡು ಬಂದ ಹುಡುಗನಿಗೆ ಅದು ಮೆಣಸಿನಕಾಯಿ. ಪುಸ್ತಕ ಹೇಳುತ್ತಿರುವುದು ಸೋಪು, ಸುಣ್ಣದಂಥ ವಸ್ತುಗಳ ಗುಣ. ಗಡಿಯ ಆಚೆ ಕರ್ನಾಟಕದ ಪುಸ್ತಕದಲ್ಲಿ ಇದನ್ನೇ 'ಪ್ರತ್ಯಾಮ್ಲ' ಅನ್ನುತ್ತಾರೆ. 'ವೇಗ'ದ ಕಥೆ ಇನ್ನೂ ತಮಾಷೆ. ತಮಿಳು ಪುಸ್ತಕದ 'ವೇಗಂ' ಕನ್ನಡ ಪುಸ್ತಕದ 'ಜವ'. ಕನ್ನಡ ಪುಸ್ತಕದ 'ವೇಗ' ತಮಿಳಿನಲ್ಲಿ 'ತಿಸೈವೇಗಂ'. ಒಂದೇ ಪದ, ಎರಡು ಅರ್ಥ!

ಕಣ್ಣು, ಕಿವಿ ಚೆನ್ನಾಗಿರುವ ಮಗು ಇದನ್ನು ಹೇಗೋ ನಿಭಾಯಿಸುತ್ತದೆ. ಬೋರ್ಡಿನ ಚಿತ್ರ ನೋಡಿ, ಪಕ್ಕದವನ ನೋಟ್ಸು ನೋಡಿ ಸರಿಮಾಡಿಕೊಳ್ಳುತ್ತದೆ. ಬೋರ್ಡೇ ಕಾಣದ ಮಗು? ಮನೆಯಲ್ಲಿ ಅಮ್ಮನ ಕನ್ನಡದ ತುಟಿ ಚಲನೆ ನೋಡಿ ಮಾತು ಕಲಿತು, ಶಾಲೆಯಲ್ಲಿ ಮೇಷ್ಟ್ರ ತಮಿಳಿನ ತುಟಿ ಓದಬೇಕಾದ ಕಿವುಡು ಮಗು? ಈ ಲೇಖನ ಅಂಥ ಮಕ್ಕಳ ಮನೆಯವರಿಗಾಗಿ.

ಏನಿದು ಸ್ಟೆಮ್?

ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಈ ನಾಲ್ಕನ್ನು ಬೇರೆ ಬೇರೆ ಪೀರಿಯಡ್ಡುಗಳಲ್ಲಿ ಹೇಳುವ ಬದಲು ಒಂದೇ ಸಮಸ್ಯೆಯ ಸುತ್ತ ಹೆಣೆದು ಕಲಿಸುವುದೇ ಸ್ಟೆಮ್. ಅಂಗವೈಕಲ್ಯವಿರುವ ಮಕ್ಕಳೂ ಇಲ್ಲದವರೂ ಒಂದೇ ಬೆಂಚಿನಲ್ಲಿ ಕೂತು ಕಲಿಯುವುದಕ್ಕೆ ಕನ್ನಡದಲ್ಲಿ ಸಮನ್ವಯ ಶಿಕ್ಷಣ, ತಮಿಳಿನಲ್ಲಿ 'ಉಳ್ಳಡಕ್ಕಿಯ ಕಲ್ವಿ' ಎನ್ನುತ್ತಾರೆ. ಎರಡೂ ಒಟ್ಟಿಗೆ ಸೇರಿದರೆ ಹೇಗಿರುತ್ತದೆ ಎಂಬುದಕ್ಕೆ ಧರ್ಮಪುರಿಯ ನೀರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಈ ಜಿಲ್ಲೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಸಮಸ್ಯೆ ಎಲ್ಲರಿಗೂ ಗೊತ್ತು. ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ ಬಾಗುತ್ತದೆ. ಅಂದರೆ ಅಂಗವೈಕಲ್ಯಕ್ಕೆ ಈ ನೀರೇ ಒಂದು ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಜಪಾನಿನ ನೆರವಿನ ಹೊಗೇನಕಲ್ ಕುಡಿಯುವ ನೀರು ಯೋಜನೆ 2013ರಲ್ಲಿ ಉದ್ಘಾಟನೆಯಾದದ್ದು ಇದೇ ಕಾರಣಕ್ಕೆ. ಯೋಜನೆಯ ಪೂರ್ತಿ ಹೆಸರಿನಲ್ಲೇ ಫ್ಲೋರೋಸಿಸ್ ಎಂಬ ಪದ ಇದೆ.

ಒಂಬತ್ತನೇ ಕ್ಲಾಸಿಗೆ ಇದನ್ನು ಪಾಠ ಮಾಡಿ ನೋಡಿ. ಬಂಡೆಯ ಖನಿಜದಿಂದ ಫ್ಲೋರೈಡ್ ನೀರಿಗೆ ಇಳಿಯುವುದು ಹೇಗೆ ಎಂಬುದು ವಿಜ್ಞಾನ. ಬಣ್ಣ ಬದಲಾಗುವ ಟೆಸ್ಟ್ ಕಿಟ್ ತಂತ್ರಜ್ಞಾನ. ಸುಣ್ಣ ಮತ್ತು ಪಟಿಕ ಹಾಕಿ ಫ್ಲೋರೈಡ್ ತೆಗೆಯುವ 'ನಲ್ಗೊಂಡ ವಿಧಾನ', ಬೆಟ್ಟ ಹತ್ತಿಸುವ ಪೈಪು, ಪಂಪು ಎಂಜಿನಿಯರಿಂಗ್. ಹತ್ತು ಬೋರ್‌ವೆಲ್‌ಗಳ ಸರಾಸರಿ, ಗ್ರಾಫು ಗಣಿತ. ಈಗ ಕಾಣದ ಹುಡುಗಿಯನ್ನು ಈ ಗುಂಪಿಗೆ ಸೇರಿಸಿ. ಕಿಟ್‌ನ ಬಣ್ಣ ಅವಳಿಗೆ ಕಾಣುವುದಿಲ್ಲ ನಿಜ. ಬಣ್ಣದ ಹೆಸರನ್ನು ಬಾಯಿಬಿಟ್ಟು ಹೇಳುವ ಆಪ್‌ಗಳು ಮೊಬೈಲಿಗೆ ಬಂದಿವೆ. ಗ್ರಾಫ್ ಬೇಕೇ? ರಟ್ಟಿನ ಮೇಲೆ ಗೋಂದು ಹಚ್ಚಿ ದಾರ ಅಂಟಿಸಿ, ಅಳತೆ ಬಿಂದುಗಳಿಗೆ ಹುಣಸೆ ಬೀಜ ಇಡಿ. ಅವಳು ಬೆರಳಲ್ಲಿ ಓದುತ್ತಾಳೆ. ಕಿವುಡು ಹುಡುಗನಿಗೆ ಈ ಪಾಠದಲ್ಲಿ ಭಾಷಣಕ್ಕಿಂತ ಕೈಕೆಲಸ ಜಾಸ್ತಿ, ಹಾಗಾಗಿ ಅವನೇ ಮುಂದಿರುತ್ತಾನೆ. ಗಾಲಿಕುರ್ಚಿಯ ಮಗುವಿಗೆ ಬೇಕಿರುವುದು ಲ್ಯಾಬಿಗೆ ಒಂದು ರ್‍ಯಾಂಪ್, ತಗ್ಗಿನ ಒಂದು ಮೇಜು. ಅಷ್ಟೇ.

ಕಾವೇರಿ ಎಂಬ ಲೆಕ್ಕದ ಪುಸ್ತಕ

ಚಿತ್ರವೇ ಬೇಡದ ಪಾಠವೂ ಉಂಟು. ಮೇಟ್ಟೂರು ಅಣೆಕಟ್ಟು 1934ರದ್ದು. ಪೂರ್ಣ ಮಟ್ಟ 120 ಅಡಿ, ಸಾಮರ್ಥ್ಯ 93.47 ಟಿಎಂಸಿ. ನೀರಿನ ಮಟ್ಟ, ಒಳಹರಿವು ದಿನವೂ ಪೇಪರಿನಲ್ಲಿ ಬರುತ್ತದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಭಾಗಿಸಿದರೆ ಸುಮಾರು 11,574. ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ ನೀರು ದಿನಪೂರ್ತಿ ಹರಿದರೆ ಒಂದು ಟಿಎಂಸಿ. ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಎಂದು ನಿಗದಿ ಮಾಡಿತು. ವರ್ಷದ ಸರಾಸರಿ ಎಷ್ಟು ಕ್ಯೂಸೆಕ್? ಸುಮಾರು 5,620. ಕಣ್ಣಿಲ್ಲದ ಮಗುವೂ ಬಾಯಿಲೆಕ್ಕದಲ್ಲಿ ಹತ್ತಿರ ಹೋಗಬಹುದು. ಕಾವೇರಿ ವಿಷಯದಲ್ಲಿ ಯಾವ ಪಕ್ಷವನ್ನೂ ಹಿಡಿಯದೆ ಗಡಿಯ ಎರಡೂ ಬದಿಯವರು ಒಪ್ಪಬಹುದಾದ ಸಂಗತಿ ಬಹುಶಃ ಇದೊಂದೇ!

ರಿಯಾಯಿತಿಯ ಬಲೆ

ಇನ್ನು ಮುಖ್ಯ ವಿಷಯ. ಅಂಗವಿಕಲ ಮಕ್ಕಳನ್ನು ಗಣಿತ, ವಿಜ್ಞಾನದಿಂದ ದೂರ ಇಡುವುದನ್ನು ನಮ್ಮಲ್ಲಿ ಕರುಣೆ ಅಂದುಕೊಂಡಿದ್ದೇವೆ. 'ಪಾಪ, ಚಿತ್ರ ಬಿಡಿಸೋಕಾಗಲ್ಲ, ಬಿಟ್ಟುಬಿಡಲಿ' ಎನ್ನುವ ಮೇಷ್ಟ್ರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ಪ್ರಾಕ್ಟಿಕಲ್ ದಿನ ಮಗುವನ್ನು ಮೂಲೆಯಲ್ಲಿ ಕೂರಿಸುವವರಿಗೂ ಇರುವುದಿಲ್ಲ. ಆದರೆ ತಮಿಳುನಾಡಿನ ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಥಿಯರಿಗೆ 75, ಪ್ರಾಕ್ಟಿಕಲ್‌ಗೆ 25 ಅಂಕ. ಅಲ್ಲಿ ಕೈ ಆಡದ ಮಗು ಪ್ಲಸ್ ಒನ್‌ನಲ್ಲಿ ವಿಜ್ಞಾನ ಕೇಳಿದರೆ ಶಾಲೆ ಹಿಂದೆ ಮುಂದೆ ನೋಡುತ್ತದೆ. ಅಲ್ಲಿಗೆ ಎಂಜಿನಿಯರಿಂಗ್, ಲ್ಯಾಬ್ ಟೆಕ್ನೀಷಿಯನ್, ಬಿಎಸ್ಸಿ ಕಂಪ್ಯೂಟರ್ ಎಲ್ಲ ಬಾಗಿಲೂ ಮುಚ್ಚಿದವು. ಹದಿನಾಲ್ಕು ವರ್ಷಕ್ಕೆ ತೋರಿಸಿದ ಕರುಣೆ ನಲವತ್ತು ವರ್ಷದ ದುಡಿಮೆಯನ್ನು ಕಿತ್ತುಕೊಳ್ಳುತ್ತದೆ. (ಈ ಬರಹಗಾರ ಬಿಎ. ಗಣಿತವನ್ನು ತಾನಾಗಿಯೇ ಬಿಟ್ಟವನು. ತಾನಾಗಿ ಬಿಡುವುದಕ್ಕೂ ಬಿಡಿಸಿಕೊಳ್ಳುವುದಕ್ಕೂ ವ್ಯತ್ಯಾಸ ಇದೆ.)

ಶ್ರೀಕಾಂತ್ ಬೊಲ್ಲಾ ಅವರ ಕಥೆ 2024ರಲ್ಲಿ ಹಿಂದಿ ಸಿನಿಮಾ ಆಯಿತು. ಹುಟ್ಟು ಅಂಧರಾದ ಅವರಿಗೆ ಆಂಧ್ರದಲ್ಲಿ ಹತ್ತನೇ ಕ್ಲಾಸಿನ ನಂತರ ವಿಜ್ಞಾನ ಓದಲು ಬಿಡಲಿಲ್ಲ. ಕೋರ್ಟಿಗೆ ಹೋಗಿ ಅನುಮತಿ ಪಡೆದರು. ಮುಂದೆ ಅಮೆರಿಕದ ಎಂಐಟಿಯಲ್ಲಿ ಓದಿ, 2012ರಲ್ಲಿ ಬೊಲ್ಲಾಂಟ್ ಇಂಡಸ್ಟ್ರೀಸ್ ಕಟ್ಟಿದರು. ಎಲ್ಲರೂ ಕೋರ್ಟಿಗೆ ಹೋಗಲಾಗದು. ಅದಕ್ಕೇ ಕಾನೂನು ಗೊತ್ತಿರಬೇಕು.

1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಇವೆ. ಓದು, ಲೆಕ್ಕದಲ್ಲಿ ಮಾತ್ರ ತೊಡಕಿರುವ ಕಲಿಕಾ ನ್ಯೂನತೆಯೂ ಇದರಲ್ಲಿ ಸೇರಿದೆ. 'ದಡ್ಡ' ಎಂದು ಬೈಸಿಕೊಳ್ಳುವ ಎಷ್ಟೋ ಮಕ್ಕಳು ಈ ಗುಂಪಿನವರು. ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ, ನೆರೆಯ ಶಾಲೆಯಲ್ಲಾಗಲಿ, ಇಷ್ಟಪಟ್ಟ ವಿಶೇಷ ಶಾಲೆಯಲ್ಲಾಗಲಿ, ಉಚಿತ ಶಿಕ್ಷಣದ ಹಕ್ಕಿದೆ. ಪುಸ್ತಕ, ಕಲಿಕಾ ಸಾಧನಗಳೂ ಉಚಿತ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5 ಸೀಟು ಮೀಸಲು. ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿ ಕೊಡಬಹುದು ಎಂದೂ ಕಾಯ್ದೆ ಹೇಳುತ್ತದೆ. ಗಡಿಯವರು ಇಲ್ಲಿ ಎಚ್ಚರವಾಗಿರಬೇಕು. ತಮಿಳುನಾಡಿನಲ್ಲಿ 2006ರ ಕಾಯ್ದೆಯಿಂದ ತಮಿಳು ಕಲಿಕೆ ಕಡ್ಡಾಯವಾಗಿದೆ. ಯಾವ ಭಾಷೆ ಬಿಡಿಸಬೇಕು ಎಂಬುದನ್ನು ಮುಖ್ಯೋಪಾಧ್ಯಾಯರ ಜೊತೆ ಕೂತು, ಮಗು ಮುಂದೆ ಓದುವ ಭಾಷೆ ಯಾವುದು ಎಂದು ಯೋಚಿಸಿ ತೀರ್ಮಾನಿಸಿ.

ಕೈಗೆ ಸಿಗುವ ಸಾಧನಗಳು

ಗಡಿಯ ಮಗುವಿಗೆ ಬ್ರೈಲ್ ಒಂದು ವರ. 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್‌ನಲ್ಲಿ ಕನ್ನಡದ 'ಕ'ಕ್ಕೂ ತಮಿಳಿನ 'ಕ'ಕ್ಕೂ ಒಂದೇ ಚುಕ್ಕಿಗಳು. ಕಣ್ಣಿರುವವರು ಎರಡು ಲಿಪಿ ಕಲಿಯಬೇಕು, ಇವರಿಗೆ ಒಂದೇ ಸಾಕು! ಗಣಿತದ ಚಿಹ್ನೆಗಳಿಗೆ ಅಮೆರಿಕದ ಅಂಧ ಗಣಿತಜ್ಞ ಅಬ್ರಹಾಂ ನೆಮೆತ್ ರೂಪಿಸಿದ ನೆಮೆತ್ ಸಂಕೇತ ಇದೆ. ಲೆಕ್ಕ ಮಾಡಲು ಟೇಲರ್ ಫ್ರೇಮ್ ಎಂಬ ಹಲಗೆ. ಅದರ ತೂತಿನಲ್ಲಿ ಮೊಳೆಯನ್ನು ಯಾವ ಕೋನಕ್ಕೆ ತಿರುಗಿಸಿ ನಿಲ್ಲಿಸುತ್ತೀರಿ ಎಂಬುದರ ಮೇಲೆ ಅಂಕಿ ಗೊತ್ತಾಗುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ತೆರೆಯ ಮೇಲಿನದ್ದನ್ನು ಓದಿ ಹೇಳುತ್ತದೆ. ರಾಜ್ಯದ ಆರು ಸಾವಿರಕ್ಕೂ ಹೆಚ್ಚು ಸರ್ಕಾರಿ ಹೈಸ್ಕೂಲು, ಹೈಯರ್ ಸೆಕೆಂಡರಿ ಶಾಲೆಗಳಿಗೆ 2019ರಿಂದ ಹೈಟೆಕ್ ಲ್ಯಾಬ್ ಬಂದಿವೆ. ಅಲ್ಲಿ ಇದನ್ನು ಹಾಕಿಕೊಡಿ ಎಂದು ಕೇಳುವುದಕ್ಕೆ ದುಡ್ಡು ಬೇಕಿಲ್ಲ.

ಭಾರತೀಯ ಸಂಜ್ಞಾ ಭಾಷೆಯ ನಿಘಂಟಿನಲ್ಲಿ 2021ರ ವೇಳೆಗೆ ಹತ್ತು ಸಾವಿರ ಪದಗಳಾದವು. ಕೈಸನ್ನೆಗೆ ಕನ್ನಡ, ತಮಿಳಿನ ಗಡಿ ಇಲ್ಲ. ಹಾಗಾಗಿ ತುಟಿ ಓದುವ ಪಾಡಿಗಿಂತ ಇದು ಮೇಲು ಎಂಬುದು ನನ್ನ ಅಭಿಪ್ರಾಯ.

ತಮಿಳುನಾಡು ಸರ್ಕಾರ 2022ರ ನವೆಂಬರ್‌ನಲ್ಲಿ ಆರಂಭಿಸಿದ 'ವಾನವಿಲ್ ಮಂಡ್ರಂ' 13,210 ಸರ್ಕಾರಿ ಶಾಲೆಗಳಿಗೆ ಪ್ರಯೋಗದ ಸಾಮಗ್ರಿಯನ್ನು ಹೊತ್ತು ತರುವ ಯೋಜನೆ. ಒಳ್ಳೆಯದೇ. ಆದರೆ ಇದು 6ರಿಂದ 8ನೇ ಕ್ಲಾಸಿಗೆ ರೂಪಿಸಿದ್ದು. ಪರೀಕ್ಷೆಯ ಭಯ ಶುರುವಾಗುವ ಒಂಬತ್ತಕ್ಕೆ ಬಂದಾಗ ಪ್ರಯೋಗ ನಿಂತುಹೋಗುತ್ತದೆ.

ನಮ್ಮ ಪಕ್ಕದಲ್ಲೇ ಕಲಿಯಬಹುದಾದ ಎರಡು ಮಾದರಿಗಳಿವೆ. ಮೂರು ರಾಜ್ಯ ಕೂಡುವಲ್ಲಿ, ಕುಪ್ಪಂ ಹತ್ತಿರ ಇರುವ ಅಗಸ್ತ್ಯ ಇಂಟರ್‌ನ್ಯಾಷನಲ್ ಫೌಂಡೇಶನ್ 1999ರಲ್ಲಿ ಹುಟ್ಟಿದ್ದು. ವ್ಯಾನಿನಲ್ಲಿ, ಬೈಕಿನಲ್ಲಿ ಪ್ರಯೋಗಾಲಯವನ್ನೇ ಹಳ್ಳಿಗೆ ಒಯ್ಯುವುದು ಅವರ ದಾರಿ. ಇನ್ನೊಂದು ಬೆಂಗಳೂರಿನ ವಿಷನ್ ಎಂಪವರ್. ಸ್ವತಃ ಅಂಧರಾಗಿದ್ದು ಗಣಿತ, ಕಂಪ್ಯೂಟರ್ ಕಲಿತ ವಿದ್ಯಾ ವೈ. ಅವರು ಗೆಳೆಯರ ಜೊತೆ 2017ರಲ್ಲಿ ಐಐಐಟಿ ಬೆಂಗಳೂರಿನ ಆಸರೆಯಲ್ಲಿ ಕಟ್ಟಿದ ಸಂಸ್ಥೆ. ಅಂಧ ಮಕ್ಕಳಿಗೆ ವಿಜ್ಞಾನ, ಗಣಿತ ಕಲಿಸುವ ಶಿಕ್ಷಕರಿಗೆ ತರಬೇತಿ, ಮುಟ್ಟಿ ಕಲಿಯುವ ಪರಿಕರ, 'ಹೆಕ್ಸಿಸ್' ಎಂಬ ಬ್ರೈಲ್ ಓದುಯಂತ್ರ ಅವರ ಕೆಲಸ.

ಕೊರತೆ ಇರುವುದು ವಿಶೇಷ ಶಿಕ್ಷಕರದ್ದು. ಹೈಸ್ಕೂಲಿನಲ್ಲಿ 15 ಅಂಗವಿಕಲ ಮಕ್ಕಳಿಗೆ ಒಬ್ಬರು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಬ್ಲಾಕಿಗೆ ಕೆಲವೇ ಮಂದಿ ಇದ್ದು ಶಾಲೆಯಿಂದ ಶಾಲೆಗೆ ಓಡಾಡುವ ಊರುಗಳಲ್ಲಿ, ಅವರು ಬಂದ ದಿನ ಗಣಿತದ ಪೀರಿಯಡ್ಡೇ ಇರುತ್ತದೆ ಎಂಬ ಖಾತ್ರಿ ಎಲ್ಲಿ?

ಪೋಷಕರು ಮಾಡಬೇಕಾದ್ದು ಇಷ್ಟು. ಯುಡಿಐಡಿ ಕಾರ್ಡನ್ನು ಮಗು ಹತ್ತನೇ ಕ್ಲಾಸಿಗೆ ಬರುವ ಮುಂಚೆಯೇ ಮಾಡಿಸಿ. ಪಬ್ಲಿಕ್ ಪರೀಕ್ಷೆಗೆ ಬರಹಗಾರ, ಹೆಚ್ಚುವರಿ ಒಂದು ಗಂಟೆ ಬೇಕಾದರೆ ಮುಖ್ಯೋಪಾಧ್ಯಾಯರ ಮೂಲಕ ಮೊದಲೇ ಅರ್ಜಿ ಹೋಗಬೇಕು. ಕನ್ನಡ ಮನೆಮಾತಿನ ಮಗು ಹೇಳಿದ್ದು ಅರ್ಥವಾಗುವ ಬರಹಗಾರರನ್ನೇ ಕೇಳಿ. ಅರ್ಧವಾರ್ಷಿಕ ಪರೀಕ್ಷೆಯಿಂದಲೇ ಲೆಕ್ಕವನ್ನು ಬಾಯಲ್ಲಿ ಹೇಳಿ ಬರೆಸುವ ಅಭ್ಯಾಸ ಮಾಡಿಸಿ. 'ಎಕ್ಸ್ ಪ್ಲಸ್ ಎರಡು, ಎಲ್ಲದರ ವರ್ಗ' ಎನ್ನುವುದಕ್ಕೂ 'ಎಕ್ಸ್ ಪ್ಲಸ್ ಎರಡರ ವರ್ಗ' ಎನ್ನುವುದಕ್ಕೂ ಕೇಳುವವರ ಕಿವಿಯಲ್ಲಿ ಬಹಳ ವ್ಯತ್ಯಾಸವಿಲ್ಲ. ಎಕ್ಸ್ ಮೂರಾದರೆ ಮೊದಲನೆಯದು 25, ಎರಡನೆಯದು 7.