ಉತ್ತರ ಕನ್ನಡದ ಕರಾವಳಿಯಲ್ಲಿ ಮನೋವ್ಯಥೆ, ವ್ಯಸನ ಮತ್ತು ಆಪ್ತಸಮಾಲೋಚನೆ

ಮನೋವ್ಯಥೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆಸ್ಪತ್ರೆಗಳ ಚರಿತ್ರೆಯನ್ನು ಬರೆದು ಮುಗಿಸುತ್ತಾರೆ. ಅಂಥ ಆಸ್ಪತ್ರೆಯಿಲ್ಲದಿದ್ದ ಊರುಗಳಲ್ಲಿ ಜನರು ತಮ್ಮ ದುಗುಡವನ್ನು ಯಾರಲ್ಲಿ ಹೇಳಿಕೊಂಡರೆಂಬ ಪ್ರಶ್ನೆ ಹಾಗೆಯೇ ಉಳಿದುಬಿಡುತ್ತದೆ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಿ, ಇಂದಿನ ದೂರವಾಣಿ ಹಾಗೂ ಅಂತರ್ಜಾಲದ ಆಪ್ತಸಮಾಲೋಚನೆಗೆ ಆ ಚರಿತ್ರೆಯಲ್ಲಿ ಯಾವ ಸ್ಥಾನವಿದೆಯೆಂದು ವಿಚಾರಿಸುವುದು ಈ ಲೇಖನದ ಉದ್ದೇಶ.

1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆಗ ಜಿಲ್ಲೆಗೆ ಸಮೀಪವೆನ್ನಬಹುದಾಗಿದ್ದ ಹುಚ್ಚರ ಆಸ್ಪತ್ರೆಯೆಂದರೆ 1845ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾಗಿದ್ದುದು. ಸಮೀಪವೆಂಬುದು ನಕಾಶೆಯ ಮಾತು, ನಡುವೆ ಸಹ್ಯಾದ್ರಿಯಿತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿಗೆ ಬರುತ್ತಿತ್ತು; ಇಂಗ್ಲೆಂಡಿನ ಪೇಟೆಯಲ್ಲಿ ಆ ಹತ್ತಿಗೆ ಕುಮಟೆಯ ಹೆಸರೇ ನಿಂತಿತು. ಸರಕಿಗೆ ತೆರೆದಿದ್ದ ಹಾದಿ ರೋಗಿಗೆ ಅಷ್ಟು ಸುಲಭವಾಗಿರಲಿಲ್ಲ. 1858ರ ಮತ್ತು 1912ರ ಕಾಯಿದೆಗಳ ಪ್ರಕಾರ ಇಂಥ ಆಸ್ಪತ್ರೆಗಳ ಪ್ರವೇಶವು ಬಹುಮಟ್ಟಿಗೆ ಮ್ಯಾಜಿಸ್ಟ್ರೇಟರ ಆಜ್ಞೆಯಿಂದ ಆಗುತ್ತಿತ್ತು. ನಿದ್ರೆಗೆಟ್ಟವನಾಗಲಿ ಮನಸ್ಸು ಕುಗ್ಗಿದವಳಾಗಲಿ ತಾನಾಗಿ ಹೋಗಿ ಮಾತನಾಡಿ ಬರುವ ಸ್ಥಳ ಅದಾಗಿರಲಿಲ್ಲ. ಕುಡಿತದ ವಿಷಯದಲ್ಲಿಯೂ ಹೀಗೆಯೇ. 1878ರ ಮುಂಬಯಿ ಅಬಕಾರಿ ಕಾಯಿದೆಯು ಮದ್ಯದಲ್ಲಿ ವರಮಾನವನ್ನು ಕಂಡಿತು. 1949ರ ಪಾನನಿರೋಧ ಕಾಯಿದೆಯು ಅಪರಾಧವನ್ನು ಕಂಡಿತು.

ಹಾಗಾದರೆ ಜನರು ಎಲ್ಲಿಗೆ ಹೋದರು? ಭಟ್ಕಳದಿಂದ ದಕ್ಷಿಣಕ್ಕೆ, ಇಂದಿನ ಉಡುಪಿ ಜಿಲ್ಲೆಯಲ್ಲಿರುವ ಕೋಟ ಗ್ರಾಮದಿಂದ ಇದಕ್ಕೆ ಬೆಲೆಯುಳ್ಳ ಸಾಕ್ಷ್ಯ ದೊರೆಯುತ್ತದೆ. ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರು ಅಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ನಡುವೆ ನಡೆಸಿದ ಅಧ್ಯಯನ 1976ರಲ್ಲಿ ಗ್ರಂಥರೂಪದಲ್ಲಿ ಹೊರಬಂದಿತು. ವೈದ್ಯ, ಮಂತ್ರವಾದಿ, ದೈವಾವೇಶಕ್ಕೊಳಗಾಗುವ ಪಾತ್ರಿ, ಇಂಗ್ಲಿಷ್ ಪದ್ಧತಿಯ ಡಾಕ್ಟರು ಇವರಲ್ಲಿ ಒಬ್ಬರನ್ನೇ ನೆಚ್ಚದೆ ಹಲವರ ಬಳಿಗೂ ಜನರು ಹೋಗುತ್ತಿದ್ದರು. ಬಂಟರ, ಮೊಗವೀರರ ಅಳಿಯಸಂತಾನದ ಕುಟುಂಬವ್ಯವಸ್ಥೆಯನ್ನು ಮರೆತು ಕೋಟದ ನಿರ್ಣಯಗಳನ್ನೆಲ್ಲ ಹೊನ್ನಾವರದ ಹವ್ಯಕರಿಗೂ ಭಟ್ಕಳದ ನವಾಯತರಿಗೂ ಹೊಂದಿಸುವುದು ಸರಿಯಲ್ಲ. ಆದರೆ ಒಂದು ಅಂಶ ಗಮನಾರ್ಹವಾಗಿದೆ. ಪಾತ್ರಿಯ ಮುಂದೆ ನಿಲ್ಲುವವನು ಒಬ್ಬನೇ ನಿಲ್ಲುವುದಿಲ್ಲ, ಮನೆಯವರೂ ನಿಲ್ಲುತ್ತಾರೆ. ದೋಷವನ್ನು ದೈವದ ಮೇಲೋ ಮಾಟದ ಮೇಲೋ ಹೊರಿಸಿದಾಗ ರೋಗಿಯ ಮಾನ ಉಳಿಯುತ್ತದೆ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು 1982ರಲ್ಲಿ ಆರಂಭವಾಯಿತು. ಅದರ ಆಶ್ರಯದಲ್ಲಿ ಮುಂದೆ ಬೆಳೆದ ಮದ್ಯವರ್ಜನ ಶಿಬಿರಗಳಲ್ಲಿಯೂ ಇದೇ ಲಕ್ಷಣವನ್ನು ಕಾಣಬಹುದು. ಕುಡಿತ ಬಿಡಬೇಕಾದವರು ಊರಿನ ಸಭಾಭವನದಲ್ಲಿ ಕೆಲವು ದಿನ ಒಟ್ಟಿಗೆ ಇರುತ್ತಾರೆ; ಮನೆಯವರನ್ನೂ ಕರೆಸುತ್ತಾರೆ; ಬಿಟ್ಟವರು ಬಳಿಕ ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಊರೆಲ್ಲ ಕಂಡಿರುವುದೇ ಇಲ್ಲಿಯ ಚಿಕಿತ್ಸೆಯ ಬಲ.

ದೂರಸಮಾಲೋಚನೆಯ ಬಲ ಇದಕ್ಕೆ ನೇರ ವಿರುದ್ಧವಾದುದು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದು ತೋರಿಸಿತ್ತು. ಕೊರೋನಾ ಕಾಲದಲ್ಲಿ, 2020ರಲ್ಲಿ, ದೂರವೈದ್ಯಕ್ಕೆ ಕೇಂದ್ರ ಸರಕಾರದ ನಿಯಮಗಳು ಬಂದವು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಆರಂಭವಾಯಿತು. 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. 2024ರಲ್ಲಿ ವಿಡಿಯೋ ಸಮಾಲೋಚನೆ ಮೊದಲು ದೊರೆತ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗಂಡಸರು ಗಲ್ಫ್ ದೇಶಗಳಲ್ಲಿ ದುಡಿಯುವ ಭಟ್ಕಳದ ಮನೆಯೊಂದರಲ್ಲಿ, ನೆರೆಯವರಿಗೆ ತಿಳಿಯದಂತೆ ಒಬ್ಬಾಕೆ ತನ್ನ ಸಂಕಟವನ್ನು ಹೇಳಿಕೊಳ್ಳಲು ಈಗ ಸಾಧ್ಯ. ಧಾರವಾಡಕ್ಕೆ ಹೋಗಿಬಂದವರೆಂಬ ಮಾತೇ ಬಹುಕಾಲ ಒಂದು ಬೈಗುಳದಂತಿದ್ದ ಸೀಮೆಯಲ್ಲಿ ಈ ಮರೆ ಸಣ್ಣ ಲಾಭವಲ್ಲ.

ಆದರೆ ಖಿನ್ನತೆಗೆ ಒದಗುವ ಈ ಮರೆ ಕುಡಿತಕ್ಕೂ ಅಷ್ಟೇ ಒದಗುತ್ತದೆಂದು ನಾವು ಭಾವಿಸುವುದಿಲ್ಲ. ವ್ಯಸನಿಯ ಮಾತಿಗೆ ಸಾಕ್ಷಿ ಬೇಕು. ಕರೆ ಮುಗಿದ ಮೇಲೆ ಸಾಕ್ಷಿಯಿಲ್ಲ. ಅದೂ ಅಲ್ಲದೆ, ಬಹುಕಾಲ ಕುಡಿದವನು ಒಮ್ಮೆಗೇ ಬಿಟ್ಟರೆ ನಡುಕ, ಅಪಸ್ಮಾರ, ಭ್ರಮೆ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಅಂಥವನನ್ನು ಸಮಾಲೋಚಕರು ಆಸ್ಪತ್ರೆಗೆ ಕಳುಹಿಸಲೇಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ಜಿಲ್ಲಾಸ್ಪತ್ರೆಯಿರುವ ಕಾರವಾರ. ಭಟ್ಕಳದಿಂದ ಅದು ನೂರು ಕಿಲೋಮೀಟರಿಗೂ ಮಿಕ್ಕ ಹಾದಿ.