ಗ್ರ್ಯಾಂಡ್‌ಮಾಸ್ಟರ್ ಡ್ರಾ
ಚದುರಂಗದಲ್ಲಿ ಅಗ್ರ ಆಟಗಾರರಿಬ್ಬರು ಹೆಚ್ಚು ಹೋರಾಡದೆ, ಕೆಲವೇ ನಡೆಗಳ ನಂತರ ಪರಸ್ಪರ ಒಪ್ಪಿ ಪಂದ್ಯವನ್ನು ಸಮ ಮಾಡಿಕೊಳ್ಳುವುದು. ಇಬ್ಬರಿಗೂ ತಲಾ ಅರ್ಧ ಅಂಕ ಸಿಗುತ್ತದೆ. ಶ್ರಮ ಉಳಿಸುವುದು, ಸೋಲಿನ ಅಪಾಯ ತಪ್ಪಿಸುವುದು, ಪಟ್ಟಿಯಲ್ಲಿ ಸ್ಥಾನ ಕಾಯ್ದುಕೊಳ್ಳುವುದು ಇದರ ಮುಖ್ಯ ಕಾರಣಗಳು.

ವಿಶ್ವ ಚಾಂಪಿಯನ್‌ನ ಎದುರಾಳಿಯನ್ನು ಆರಿಸುವ 1962ರ ಕ್ಯುರಸಾವೊ ಕ್ಯಾಂಡಿಡೇಟ್ಸ್ ಟೂರ್ನಿಯಲ್ಲಿ ಸೋವಿಯತ್ ಆಟಗಾರರಾದ ಪೆಟ್ರೋಸಿಯನ್, ಕೆರೆಸ್ ಮತ್ತು ಗೆಲ್ಲರ್ ತಮ್ಮೊಳಗಿನ 12 ಪಂದ್ಯಗಳನ್ನೂ ಡ್ರಾ ಮಾಡಿಕೊಂಡರು. ಇದು ಪೂರ್ವನಿಯೋಜಿತವೆಂದು ಅಮೆರಿಕದ ಆಟಗಾರ ಬಾಬಿ ಫಿಷರ್ ಬಹಿರಂಗವಾಗಿ ಆರೋಪಿಸಿದರು. ಬಳಿಕ ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆ, ಕ್ಯಾಂಡಿಡೇಟ್ಸ್ ಹಂತಕ್ಕೆ ನಾಕೌಟ್ ಪಂದ್ಯಸರಣಿಯನ್ನು ಅಳವಡಿಸಿತು.

ಇಂಥ ಡ್ರಾಗಳನ್ನು ತಡೆಯಲು 2005ರಲ್ಲಿ ಬಲ್ಗೇರಿಯದ ಸೋಫಿಯಾ ಟೂರ್ನಿಯು ಆಟಗಾರರು ನೇರವಾಗಿ ಡ್ರಾ ಪ್ರಸ್ತಾಪಿಸುವುದನ್ನು ನಿಷೇಧಿಸಿತು. ಇದೇ ‘ಸೋಫಿಯಾ ನಿಯಮ’. ಆದರೂ ಒಂದೇ ಸ್ಥಿತಿಯನ್ನು ಮೂರು ಬಾರಿ ಪುನರಾವರ್ತಿಸಿ ಡ್ರಾ ಪಡೆಯುವ ದಾರಿ ಉಳಿದಿದೆ. 2013ರ ಚೆನ್ನೈ ವಿಶ್ವ ಚಾಂಪಿಯನ್‌ಷಿಪ್‌ನ ಆನಂದ್–ಕಾರ್ಲ್‌ಸನ್ ಮೊದಲ ಪಂದ್ಯ ಹೀಗೆಯೇ 16 ನಡೆಗಳಲ್ಲಿ ಮುಗಿಯಿತು.